ಕಂಚಿನ ಓರ್ನೆಲ್ಲಾ

ಫಯೆಂಜಾ, ಇಟಲಿ, ೧೪ ಅಕ್ಟೋಬರ್ ೧೯೪೨, ಬುಧವಾರ

ಚೌಕದಲ್ಲಿದ್ದ ನನ್ನ ಕಂಚಿನ ಹುಡುಗಿಯನ್ನು ಇಂದು ಸಿಪಾಯಿಗಳು ಕಿತ್ತರು. ಯುದ್ಧಕ್ಕೆ ಲೋಹ ಬೇಕಂತೆ. ಕೊರಳಿಗೆ ಹಗ್ಗ ಬಿಗಿದು ಎಳೆದರು. ಲಾರಿಯೊಳಗೆ ಬೋರಲಾಗಿ ಬಿದ್ದಳು. ಮಣ್ಣು ಒಡೆಯುತ್ತದೆ, ಕಂಚು ಉಳಿಯುತ್ತದೆ ಎಂದೇ ನಾನು ಸೆರಾಮಿಕ್ ಬಿಟ್ಟು ಕಂಚು ಹಿಡಿದಿದ್ದೆ.

ಆ ಶಿಲ್ಪಕ್ಕೆ ಮಾದರಿಯಾಗಿ ಕೂತವಳು ಮಗಳು ಓರ್ನೆಲ್ಲಾ. ಅವಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಾಳೆಂಬುದು ನನಗೆ ಹೊಳೆಯಲೇ ಇಲ್ಲ.

"ಅಪ್ಪಾ, ನನ್ನನ್ನ ಕರಗಿಸ್ತಾರಾ?"

"ಅಯ್ಯೋ ಹುಚ್ಚೀ, ನೀನು ಇಲ್ಲೇ ಇದ್ದೀಯಲ್ಲೇ!" ಎಂದು ನನ್ನ ಹೆಂಡತಿ ಡೆಲ್ಫೀನಾ ಅವಳನ್ನು ಅವುಚಿಕೊಂಡಳು.

ಸಂಜೆ ಮಗು ಒಲೆಯ ಹತ್ತಿರ ಸುಳಿಯಲಿಲ್ಲ. ಬಾಗಿಲ ಬಳಿ ಕೂತೇ ಮೆಕ್ಕೆಜೋಳದ ಗಂಜಿ ಪೊಲೆಂಟಾ ತಿಂದಳು. ಸಮಾಧಾನ ಮಾಡಲೆಂದು ಜೇಡಿಮಣ್ಣು ತಂದು ಅವಳ ಮುಖ ಮಾಡತೊಡಗಿದೆ.

"ಇನ್ನು ಮಣ್ಣಲ್ಲೇ ಮಾಡ್ತೀನಿ ಕಣೇ. ಮಣ್ಣನ್ನ ಯಾರೂ ಒಯ್ಯಲ್ಲ."

ನಕ್ಕಳು. ಹಸಿ ಕೆನ್ನೆಯನ್ನು ಮುಟ್ಟಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಗಟ್ಟಿಯಾಗ್ಲಿ ಅಂತ ಇದನ್ನ ನೀನೂ ಬೆಂಕಿಗೆ ಹಾಕ್ತೀಯಾ?"

ಸುಡದಿದ್ದರೆ ಮಣ್ಣು ಒಣಗಿ ಬಿರಿಯುತ್ತದೆ, ಆದರೂ ಈ ಮುಖವನ್ನು ಬೆಂಕಿಗೆ ಹಾಕಲಾರೆ. ಮಣ್ಣು ಒಣಗದಂತೆ ಒದ್ದೆ ಬಟ್ಟೆ ಹೊದಿಸಿ ಬಂದಿದ್ದೇನೆ. ಹೀಗೆ ಎಷ್ಟು ದಿನ ಅಂತ...