ಅಲಿಬಾಗ, ಕುಟುಂಬ ಸಮೇತ

ಮೇ 6, 1954. ಗುರುವಾರ

ಇವತ್ತೂ ಮೂರು ಲಾರಿ ತಡ. ಬಂದ ಉಳ್ಳಾಗಡ್ಡಿಯಲ್ಲಿ ಅರ್ಧ ಬೆವೆತು ಕೊಳೆತದ್ದು. ಚೀಲದ ಬಾಯಿ ಬಿಚ್ಚುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ಇಪ್ಪತ್ತೆರಡು ವರ್ಷ, ಹಮಾಲಿಯಿಂದ ದಲಾಲನ ಗಾದಿಯವರೆಗೆ ಬಂದದ್ದು ಈ ಮೂಗಿನ ಮೇಲೆ. ಮಾಲು ಕಳಿಸಿದ ಶೆಟ್ಟೆಪ್ಪ ಮಾತ್ರ ಪತ್ರದಲ್ಲಿ 'ಎ-ವನ್' ಎಂದು ಬರೆಯುತ್ತಾನೆ.

ಮಧ್ಯಾಹ್ನ ಫೋರ್ಟಿಗೆ, ಬ್ಯಾಂಕ್ ಕೆಲಸ. ಅಲ್ಲಿಂದ ಸದಾನಂದನ ಹೋಟೆಲು. ಉಡುಪಿ ಕಡೆಯವ. ಗಲ್ಲಾ ಬಿಟ್ಟು ಏಳುವುದಿಲ್ಲ, ಮುಂಬೈಯ ಸುದ್ದಿಯೆಲ್ಲ ಗೊತ್ತು. ನನ್ನ ಮುಖ ನೋಡಿದ.

"ಎಂತ ಗದಿಗೆಪ್ಪನವರೇ, ಮನೆಯಲ್ಲಿ ಜಗಳವಾ?"

ಹೇಳಿದೆ. ಮೇ ತಿಂಗಳು ಬಂತೆಂದರೆ ನಮ್ಮ ಚಾಳಿನಲ್ಲಿ ಎಲ್ಲರಿಗೂ ಹವಾ ಬದಲಿ. ಎದುರು ಖೋಲಿಯವರು ಮಾಥೇರಾನ್, ಮೇಲಿನವರು ಲೋಣಾವಳ. ನಾವು? ಮದುವೆಯಾದಾಗಿನಿಂದ ಊರಿಗೆ ಹೋಗುವುದು, ಊರಿನಿಂದ ಬರುವುದು. ಶರಣವ್ವ ಮೂರು ದಿನದಿಂದ ಮಾತು ನಿಲ್ಲಿಸಿದ್ದಾಳೆ. ಮಾತಾಡಿದರೆ ಹೇಗೂ ಗೆಲ್ಲುತ್ತೇನೆ. ಸುಮ್ಮನೇ ಇರುವ ಹೆಂಡತಿಯ ಮುಂದೆ ಏನು ಮಾಡಲಿ?

"ಅಲಿಬಾಗಿಗೆ ಹೋಗಿ ಮಾರಾಯ್ರೇ. ಭಾವುಚಾ ಧಕ್ಕಾದಿಂದ ಲಾಂಚ್, ಆಚೆ ರೇವಸದಲ್ಲಿ ಇಳಿದರೆ ಬಸ್ಸು. ಸಮುದ್ರ ರೂಮಿನ ಬಾಗಿಲಿಗೇ ಬರ್ತದೆ. ಸಸ್ತಾ. ಫ್ಯಾಮಿಲಿಗೆ ಹೇಳಿ ಮಾಡಿಸಿದ ಜಾಗ."

"ನೀವು ಹೋಗಿ ಬಂದೀರೇನು?"

"ನಾನೆಲ್ಲಿ ಹೋಗುದು? ಹೋಟೆಲ್ ಯಾರು ನೋಡ್ಬೇಕು? ನೀವು ಹೋಗಿ ಬಂದು ಹೇಳಿ. ಚಂದ ಉಂಟು ಅಂದ್ರೆ ನಾನೂ ಹೆಂಡತಿ ಮಕ್ಕಳನ್ನು ಕಳಿಸ್ತೇನೆ."

ಅಂದರೆ ನಾನು ಸ್ಯಾಂಪಲ್.

ಮೇ 9, ರವಿವಾರ

ಮನೆಯಲ್ಲಿ ಹೇಳಿದೆ. ಶರಣವ್ವ ಬಾಯಿ ಬಿಟ್ಟಳು. ಮೊದಲ ಮಾತೇ — "ಅತ್ತೀನ್ನೂ ಕರ್ಕೊಂಡು ಹೋಗೂಣ್ರಿ."

ಅವ್ವ ಇಂಡಿ ಕಡೆಯ ಹಳ್ಳಿಯಿಂದ ಸಂಕ್ರಾಂತಿಗೆ ಬಂದವಳು, ಇಲ್ಲೇ ಇದ್ದಾಳೆ. ಅರವತ್ತೈದು. ಚೌಪಾಟಿಯಲ್ಲಿ ಒಂದು ಸಲ ಸಮುದ್ರ ತೋರಿಸಿದ್ದೆ, ಬಸ್ಸಿನ ಕಿಟಕಿಯಿಂದ. "ಇಷ್ಟ್ ನೀರದ, ಒಂದು ಎಮ್ಮಿ ಇಳಿದಿಲ್ಲಲ್ಲೋ" ಎಂದಿದ್ದಳು.

ಮಗಳು ಸೇವಂತಿ ಇವತ್ತು ಅವಳ ಕೊರಳಿಗೆ ಜೋತುಬಿದ್ದು ಕೇಳಿದಳು. "ಅಜ್ಜಿ, ಸಮುಂದರ್‌ದಲ್ಲಿ ನಹಾನಾ ಮಾಡೂದಾ?" ಹನ್ನೊಂದು ವರ್ಷದ ಹುಡುಗಿ, ಒಂದು ವಾಕ್ಯ ನೆಟ್ಟಗೆ ಕನ್ನಡದಲ್ಲಿ ಬರುವುದಿಲ್ಲ. ಅಜ್ಜಿಗೆ ಮಾತ್ರ ಎಲ್ಲ ತಿಳಿಯುತ್ತದೆ.

ಮೇ 13, ಗುರುವಾರ

ಕಟ್ಟುವುದೇ ಕಟ್ಟುವುದು. ಅಲ್ಲಿ ಎಲ್ಲೆಲ್ಲೂ ಮೀನಿನ ಊಟವಂತೆ. ಸ್ಟೋವ್, ಜೋಳದ ಹಿಟ್ಟು, ಶೇಂಗಾ ಹಿಂಡಿ, ಎರಡು ತವೆ. ಹವಾ ಬದಲಿಗೆ ಹೊರಟಿದ್ದೇವೋ ಮನೆ ಬದಲಿಸುತ್ತಿದ್ದೇವೋ.

ಅವ್ವನ ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಒಳ್ಳೆಯ ತೂಕದ್ದು. ಲಾಂಚಿನಲ್ಲಿ ನೂಕುನುಗ್ಗಲು, ರೂಮಿಗೆ ಯಾವ ಬೀಗವೋ ಏನೋ. ಕರಡಿಗೆ ಇಲ್ಲೇ ಟ್ರಂಕಿನಲ್ಲಿರಲಿ, ಲಿಂಗ ಬಟ್ಟೆಯಲ್ಲಿ ಕಟ್ಟಿ ಹಾಕಿಕೊ ಎಂದೆ.

"ನಲವತ್ತು ವರ್ಷದಿಂದ ಇದರಾಗ ಅದನೋ ತಮ್ಮಾ."

ಕಾಲು ತಾಸು ಮಾತಾಡಿದೆ. ಕಳ್ಳರ ಕಥೆ ನಾಲ್ಕು ಹೇಳಿದೆ. ಗೆದ್ದೆ. ಬಿಳಿ ಬಟ್ಟೆಯಲ್ಲಿ ಸುತ್ತಿ, ಹೊಸ ದಾರದಿಂದ ನಾನೇ ಗಂಟು ಹಾಕಿ, ಎಳೆದೂ ನೋಡಿದೆ. ಸಾವಿರ ಚೀಲ ಹೊಲಿದ ಕೈ.

ಮೇ 14, ಶುಕ್ರವಾರ. ಅಲಿಬಾಗ, ಸಂಜೆ

ಲಾಂಚಿನಲ್ಲಿ ಶರಣವ್ವನಿಗೆ ಎರಡು ಸಲ ವಾಂತಿ, ಸೇವಂತಿಗೆ ಒಂದು. ಅವ್ವ ಕಟಕಟೆ ಹಿಡಿದು ಕೊನೆಯ ತನಕ ನಿಂತೇ ಬಂದಳು. ಬಸ್ಸಿನಲ್ಲಿ ನಮ್ಮ ಸೀಟಿನ ಕೆಳಗೆ ಯಾರದೋ ಮೀನಿನ ಬುಟ್ಟಿ.

ರೂಮಿನ ಬಾಗಿಲಿಗೆ ಸಮುದ್ರ ಬರುವುದಿಲ್ಲ. ಮರಳು ಬರುತ್ತದೆ. ಹಿಂದುಗಡೆ ಹಗ್ಗದ ಮೇಲೆ ಬೊಂಬಿಲು ಮೀನು ಒಣಹಾಕಿದ್ದಾರೆ, ಒಗೆದ ಕಾಲುಚೀಲದ ಹಾಗೆ. ಉಳ್ಳಾಗಡ್ಡಿಯ ಮೂಗು ಇಲ್ಲಿ ಸೋತಿತು. ಬಾವಿಯ ನೀರು ಸಿಹಿಯೂ ಅಲ್ಲ, ಉಪ್ಪೂ ಅಲ್ಲ. ಮಂಚದಲ್ಲಿ ತಿಗಣೆ. ಮಾಲಕನನ್ನು ಕರೆದು ತೋರಿಸಿದೆ. "ಸೀಝನ್ ಆಹೆ ಶೇಟ್" ಎಂದ. ತಿಗಣೆಗೂ ಸೀಝನ್ನು?

ಗುರುವಾರದವರೆಗಿನ ಬಾಡಿಗೆ ಮೊದಲೇ ಕೊಟ್ಟು ಆಮೇಲೆ ರೂಮು ನೋಡಿದೆ. ಚೀಲ ಬಿಚ್ಚದೆ ಮಾಲು ಕೊಂಡವನಿಗೆ ಮಾರ್ಕೆಟ್ಟಿನಲ್ಲಿ ಏನೆನ್ನುತ್ತೇವೆ... ಇಲ್ಲಿ ಬರೆಯುವುದಿಲ್ಲ.

ಮೇ 15, ಶನಿವಾರ

ಗಾಳಿಗೆ ಸ್ಟೋವ್ ಹತ್ತುವುದಿಲ್ಲ. ಹತ್ತಿದರೆ ರೊಟ್ಟಿಯಲ್ಲಿ ಮರಳು. ಶರಣವ್ವ ತವೆ ಇಳಿಸಿ ನನ್ನ ಕಡೆ ತಿರುಗಿದಳು.

"ಬೈಕುಲ್ಲಾದಾಗೂ ರೊಟ್ಟಿ ಬಡಿಯೂದು, ಇಲ್ಲೂ ಬಡಿಯೂದು. ನನ್ನ ಹವಾ ಎಲ್ಲಿ ಬದಲಾತ್ರಿ?"

ನಾನು ಸ್ಟೋವಿಗೆ ಪಂಪು ಹೊಡೆಯುತ್ತ ಕುಳಿತೆ. ಸದಾನಂದನಿಗೆ ಹೇಳಬೇಕಾದದ್ದು ಮಾತ್ರ ಬೆಳೆಯುತ್ತಿದೆ — ಮಕ್ಕಳಿಗೆ ನೆರಳಿಲ್ಲ, ಹೆಂಗಸರಿಗೆ ಮರೆಯಿಲ್ಲ, ಸಸ್ಯಾಹಾರಿಗೆ ಊಟವಿಲ್ಲ. ಸಸ್ತಾ ಎಂದರೆ ಇದೇ. ಕಡಿಮೆ ಕೊಟ್ಟು ಕಡಿಮೆ ಪಡೆಯುವುದು.

ಒಬ್ಬಳಿಗೆ ಮಾತ್ರ ಎಲ್ಲವೂ ಸರಿ. ಸಂಜೆ ನೀರು ಹಿಂದೆ ಸರಿಯಿತು. ಚಾಪೆ ಸುತ್ತಿ ತೆಗೆದ ಹಾಗೆ. ಸಮುದ್ರದೊಳಗಿನ ಕೋಟೆಯವರೆಗೆ ಜನ ನಡೆದುಕೊಂಡೇ ಹೊರಟರು. ಅವ್ವ ಸೀರೆ ಮೇಲೆತ್ತಿ ಸೇವಂತಿಯ ಕೈಹಿಡಿದು ನಡೆದೇಬಿಟ್ಟಳು. ನಾನು ದಡದಿಂದ ಕೂಗಿದೆ, ತಿರುಗಿಯೂ ನೋಡಲಿಲ್ಲ. ಬರುವಾಗ ಸೆರಗಿನ ತುಂಬ ಚಿಪ್ಪು. ಅವ್ವ ಇಷ್ಟು ನಕ್ಕದ್ದು ನಾನು ಯಾವಾಗ ನೋಡಿದ್ದೆ? ಅಪ್ಪ ಹೋದ ಮೇಲೆ ಇಲ್ಲ.

ಮೇ 16, ರವಿವಾರ. ಮಧ್ಯಾಹ್ನ ಎರಡು

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹತ್ತರ ಸುಮಾರು, ನೀರು ಏರುವ ಹೊತ್ತು. ಅವ್ವ, ಸೇವಂತಿ ಮೊಳಕಾಲು ನೀರಿನಲ್ಲಿ ಕುಳಿತಿದ್ದರು. ದೊಡ್ಡ ತೆರೆಯೊಂದು ಬಂದು ಇಬ್ಬರನ್ನೂ ಉರುಳಿಸಿತು. ನಾನು ನಕ್ಕೆ. ಅವ್ವನೂ ನಗುತ್ತಲೇ ಎದ್ದಳು. ಎದ್ದವಳ ಕೈ ಎದೆಗೆ ಹೋಯಿತು. ಕೊರಳಲ್ಲಿ ದಾರ ಇತ್ತು. ದಾರಕ್ಕೆ ಬಟ್ಟೆ ಇತ್ತು. ಬಟ್ಟೆಯೊಳಗೆ ಏನೂ ಇರಲಿಲ್ಲ.

ತೆರೆಯ ಮೇಲೆ ತೆರೆ. ಎಲ್ಲಿ ಹುಡುಕುವುದು?

ಅವ್ವ ನೀರಿನಂಚಿಗೆ ಕುಳಿತಳು. ಶರಣವ್ವ ರೊಟ್ಟಿ ತಂದಳು, ಬೇಡ. ನೀರು ತಂದಳು, ಬೇಡ.

"ಲಿಂಗ ಇಲ್ಲದ ಬಾಯಿಗೆ ನೀರು ಹಾಕಾಕ ಬರೂದಿಲ್ಲವ್ವಾ."

ಸೇವಂತಿ ಅಳುತ್ತ ಕೇಳಿದಳು. "ಅಪ್ಪಾಂದು ತಗೋ ನಾ ಅಜ್ಜಿ."

"ಒಬ್ಬರದು ಒಬ್ಬರಿಗೆ ಆಗೂದಿಲ್ಲ ಮಗಳ. ಜಂಗಮ ಅಯ್ಯನವರು ಕೈಯಾಗಿಟ್ಟು, ಕಿವ್ಯಾಗ ಮಂತ್ರ ಹೇಳಬೇಕು."

ಮುಂಬೈಗೆ ಈಗಲೇ ನಡೆ, ಅಯ್ಯನವರಿಂದ ಹೊಸದು ಕಟ್ಟಿಸುತ್ತೇನೆ ಎಂದೆ.

"ಅದನ್ನ ನೀರಾಗ ಬಿಟ್ಟು ನಾ ಎಲ್ಲಿ ಬರಲಿ? ಸಂಜೀಕ ನೀರು ಹೋಗ್ತದಲ್ಲ. ನೋಡೂಣು."

ಅರ್ಧ ತಾಸು ಮಾತಾಡಿದೆ. ಕಾಯ್ದೆ, ಶಾಸ್ತ್ರ, ಡಾಕ್ಟರು, ಸತ್ತ ಅಪ್ಪ, ಎಲ್ಲ ತಂದೆ. ಅವ್ವ ಸಮುದ್ರ ನೋಡುತ್ತ ಕುಳಿತಿದ್ದಳು.

ಅದೇ ದಿನ, ದೀಪ ಹಚ್ಚುವ ಹೊತ್ತು

ನೀರು ಇಳಿಯಿತು. ಹುಡುಕಿದೆವು. ಮೀನು ಹಿಡಿಯುವ ಕೋಳಿ ಜನರ ಹೆಂಗಸೊಬ್ಬಳು ಬಂದು ಏನು ಕಳೆಯಿತೆಂದು ಕೇಳಿದಳು. ಚಿನ್ನವೇ? ಅಲ್ಲ, ದೇವರು ಎಂದೆ. ಎಷ್ಟು ದೊಡ್ಡದು? ಹೆಬ್ಬೆರಳು ತೋರಿಸಿದೆ. ಅವಳು ನಗಲಿಲ್ಲ. ಇನ್ನೂ ನಾಲ್ವರನ್ನು ಕರೆದಳು. ಸಾಲಾಗಿ ನಿಂತು ಅಂಗಾಲಿನಿಂದ ಮರಳು ತಡವುತ್ತ ಕೋಟೆಯ ಅರ್ಧ ದಾರಿಯವರೆಗೆ ಹೋಗಿ ಬಂದರು. ಮೈಯೆಲ್ಲ ಬೊಂಬಿಲಿನ ವಾಸನೆ. ನನ್ನ ಮೂಗಿಗೆ ಅದು ತಿಳಿದದ್ದು ಅವರು ಹೋದ ಮೇಲೆ.

ಸಿಗಲಿಲ್ಲ.

ಮೇ 17, ಸೋಮವಾರ. ಬೆಳಿಗ್ಗೆ ಆರೂವರೆ

ಬೆಳಗಿನ ಇಳಿತದಲ್ಲೂ ಇಲ್ಲ. ಅವ್ವನ ತುಟಿ ಒಡೆದಿದೆ. ಮೇ ತಿಂಗಳ ಬಿಸಿಲು, ಹನಿ ನೀರಿಲ್ಲದೆ ಒಂದು ಹಗಲು ಒಂದು ರಾತ್ರಿ. ಇಲ್ಲಿಯ ಡಾಕ್ಟರು ಬಂದು ನೋಡಿದರು. ಇನ್ನೊಂದು ದಿನ ತಡೆಯುವುದು ಕಷ್ಟ ಎಂದರು. ಕೈಹಿಡಿದು ಎತ್ತಿ ರೂಮಿಗೆ ತರುವಷ್ಟಕ್ಕಾದರೂ ಒಪ್ಪಿದಳು. ಕಿಟಕಿಯ ಕೆಳಗೆ ಮಲಗಿದ್ದಾಳೆ, ಸಮುದ್ರದ ಕಡೆ ಮುಖ.

ಮೊದಲ ಬಸ್ಸಿಗೆ ಹೊರಟಿದ್ದೇನೆ. ಅಯ್ಯನವರನ್ನು ಹೊತ್ತಾದರೂ ತರುತ್ತೇನೆ. ಶರಣವ್ವ ಬಾಗಿಲಲ್ಲಿ "ಆ ಕರಡಿಗಿ ಒಂದು ಇದ್ದಿದ್ರ—" ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅವ್ವ ಇಲ್ಲಿಯ ತನಕ ಅಷ್ಟೂ ಹೇಳಿಲ್ಲ.

ಅದೇ ದಿನ, ಸಂಜೆ ಏಳು. ಬೈಕುಲ್ಲಾ

ಅಯ್ಯನವರು ಇಲ್ಲ. ಸೊಲ್ಲಾಪುರದಲ್ಲಿ ಮದುವೆ, ಬರುವುದು ಶುಕ್ರವಾರ. ಗೋರೆಗಾಂವದಲ್ಲಿ ಇನ್ನೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಲೋಕಲ್‌ನಲ್ಲಿ ನಿಂತುಕೊಂಡು ಹೋದೆ. ಬೀಗ. ಮಕ್ಕಳಿಗೆ ಸೂಟಿಯಲ್ಲವೇ, ಊರಿಗೆ ಹೋಗಿದ್ದಾರೆ ಎಂದರು ಪಕ್ಕದವರು. ಮುಂಬೈಯ ದೇವರ ಕೆಲಸದವರಿಗೂ ಹವಾ ಬದಲಿ!

ತಿರುಗಿ ಅಯ್ಯನವರ ಮನೆಗೇ ಬಂದೆ. ಅವರ ಹೆಂಡತಿ ಗಂಗುಬಾಯಿ ಎಲ್ಲ ಕೇಳಿ ಪೆಟ್ಟಿಗೆಯಿಂದ ಒಂದು ಲಿಂಗ ತೆಗೆದು ಕೊಟ್ಟರು. ಹುಟ್ಟಿದ ಕೂಸುಗಳಿಗೆ ಕಟ್ಟಲು ಅಯ್ಯನವರು ತಂದಿಟ್ಟದ್ದು.

"ಮಂತ್ರ ಹೇಳಿದವರು ಯಾರು ಅಂತ ಅವ್ವ ಕೇಳಿದರ?"

"ಅಯ್ಯನವರೇ ಮಂತ್ರಿಸಿ ಕಳಿಸ್ಯಾರ, ಮೈ ನೆಟ್ಟಗಿಲ್ಲಂತ ಬರಲಿಲ್ಲ ಅಂತ ಹೇಳ್ರಿ. ಜೀವ ಉಳೀಲಿ ಮೊದಲ. ನೀವು ಮಾತಿನ್ಯಾಗ ಯಾರಿಗೂ ಸೋತವರಲ್ಲ, ನಿಮಗೇನು ನಾ ಹೇಳಿಕೊಡೂದು?"

ಧಕ್ಕಾಕ್ಕೆ ಓಡಿದೆ. ಕಡೆಯ ಲಾಂಚ್ ಹೋಗಿತ್ತು. ನಾಳೆ ಬೆಳಿಗ್ಗೆಯೇ. ಟ್ರಂಕಿನಲ್ಲಿ ಕರಡಿಗೆ ಭದ್ರವಾಗಿದೆ.

ಮೇ 18, ಮಂಗಳವಾರ. ಲಾಂಚ್ ಮೇಲೆ

ಹೇಳಬೇಕಾದದ್ದು ಜೋಡಿಸುತ್ತಿದ್ದೇನೆ. ಅಯ್ಯನವರಿಗೆ ಜ್ವರ. ಹಾಸಿಗೆಯಲ್ಲೇ ಎದ್ದು ಕುಳಿತು ಸ್ನಾನ— ಅಲ್ಲ, ಜ್ವರ ಬಂದವರು ಸ್ನಾನ ಹೇಗೆ ಮಾಡಿಯಾರು? ಸೊಂಟ ನೋವು. ಹಾ, ಸೊಂಟ ನೋವೇ ಒಳ್ಳೆಯದು. ಪೂಜೆಗೆ ಕುಳಿತು, ನಿನ್ನ ಹೆಸರು ಹೇಳಿ, ನೂರೆಂಟು ಸಲ... ಅವ್ವ ಅಡ್ಡ ಪ್ರಶ್ನೆ ಕೇಳಿದರೆ? ಕೇಳುವುದಿಲ್ಲ. ಮಗನ ಮಾತು ನಂಬಿಯೇ ಕೊರಳಿನದು ಬಿಚ್ಚಿ ಕೊಟ್ಟವಳು.

ರೇವಸ ಕಾಣುತ್ತಿದೆ. ಇಷ್ಟು ಸುಲಭದ ಗಿರಾಕಿ ನನಗೆ ಸಿಕ್ಕಿಲ್ಲ. ಲಿಂಗ ಇಟ್ಟ ಜೇಬು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೇನೆ.

ಅದೇ ದಿನ, ಅಲಿಬಾಗ, ಮಧ್ಯಾಹ್ನ

ಬಾಗಿಲಲ್ಲಿ ನಿಂತೆ. ಅವ್ವನ ಕಣ್ಣು ಒಳಗೆ ಹೋಗಿವೆ. ದನಿ ಒಣಗಿದ ಎಲೆಯ ಹಾಗೆ.

"ಅಯ್ಯ ಎಲ್ಲಿ?"

ಗಂಟಲು ಸರಿ ಮಾಡಿಕೊಂಡೆ. ಇನ್ನೊಮ್ಮೆ ಮಾಡಿಕೊಂಡೆ. ಸೊಂಟ ನೋವು ನಾಲಿಗೆಯ ತುದಿಯಲ್ಲೇ ಇತ್ತು.

"ಸಿಗಲಿಲ್ಲ ಯವ್ವಾ. ಸೊಲ್ಲಾಪುರಕ್ಕ ಹೋಗ್ಯಾರ. ಲಿಂಗ ಗಂಗುಬಾಯಾರು ಕೊಟ್ಟಾರ. ಮಂತ್ರ ಯಾರೂ ಹೇಳಿಲ್ಲ."

ಶರಣವ್ವ ಹಣೆ ಹಿಡಿದು ಗೋಡೆಗೆ ಕುಸಿದಳು. ಒಂದು ಸುಳ್ಳು ಹೇಳಿಬಿಡಬಾರದಿತ್ತೇ ಎಂಬ ನೋಟ. ನನಗೂ ಹಾಗೇ ಅನಿಸಿತು, ಅನಿಸುವಷ್ಟರಲ್ಲಿ ಮಾತು ಹೋಗಿತ್ತು.

ಅವ್ವ ಮೊಳಕೈ ಊರಿ ಗೋಡೆಗೆ ಒರಗಿದಳು.

"ನಿನಗ ದೀಕ್ಷಾ ಆದಾಗ ಅಯ್ಯ ಕಿವ್ಯಾಗ ಹೇಳಿದ್ದು ನೆನಪದ ಏನು?"

"ಅದ."

"ಹಂಗಾರ ನೀನೇ ಹೇಳು."

"ಅತ್ತಿ!" ಶರಣವ್ವ ಎದ್ದು ಕುಳಿತಳು. "ಹೊಟ್ಟೀಲೆ ಹುಟ್ಟಿದ ಮಗ ಗುರು ಆಗೂದು ಎಲ್ಲ್ಯರ ಉಂಟೇನ್ರಿ?"

"ಸುಳ್ಳ ಹೇಳೂವಾಗ ಹಿಂಗಽ ಗಂಟಲಾ ಕೆರೀತಾನ." ಅವ್ವ ಸೊಸೆಯ ಕಡೆ ತಿರುಗಿದಳು. " ಸಣ್ಣವನಿದ್ದಾಗಿಂದ ನೋಡೀನಿ. ಇವತ್ತ ಕೆರೆದ, ಹೇಳಲಿಲ್ಲ. ನನಗ ಇಷ್ಟ ಗುರು ಸಾಕು. ಬಾರೋ ಇಲ್ಲಿ."

ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದೆ. ಎಡಗೈ ಚಾಚಿದಳು. ಇಟ್ಟೆ. ಅವಳ ಕಿವಿಗೆ ಬಾಯಿ ಒಯ್ದೆ. ಲಿಲಾವಿನಲ್ಲಿ ನೂರು ಜನರ ಮೇಲೆ ಕೂಗುವ ಗಂಟಲು. ಮಂತ್ರದ ಐದು ಅಕ್ಷರ, ನನಗೇ ಕೇಳಿಸದಷ್ಟು ಮೆಲ್ಲಗೆ ಬಂದವು.

"ಜೋರ ಹೇಳೋ. ಸಮುದ್ರದ ಸಪ್ಪಳದಾಗ ಕೇಳಿಸವಲ್ದು."

ಮತ್ತೆ ಹೇಳಿದೆ.

ಕಣ್ಣು ಮುಚ್ಚಿ ಕುಳಿತಳು. ಆಮೇಲೆ ಶರಣವ್ವ ಹಿಡಿದ ತಂಬಿಗೆಯಿಂದ ಒಂದು ಗುಟುಕು. ಇನ್ನೊಂದು. ಮೂರನೆಯದಕ್ಕೆ ಕೆಮ್ಮು ಬಂತು, ಸೇವಂತಿ ಬೆನ್ನು ತಟ್ಟಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಅವ್ವ ನನ್ನ ಕಡೆ ನೋಡಿದಳು.

"ಈಗ ನೀ ನನ್ನ ಗುರು ಆದಿ. ಇನ್ನ ಮ್ಯಾಲ ನಿನಗ ಬೈಯಾಕ ಬರೂದಿಲ್ಲ ನೋಡು."

ಶರಣವ್ವ ನಕ್ಕಳು, ಕಣ್ಣಲ್ಲಿ ನೀರು. ಸೇವಂತಿಯೂ ನಕ್ಕಳು. ನಾನೂ ನಗಬೇಕಿತ್ತು. ಕರಡಿಗೆ ಬಿಡಿಸಿದ್ದಕ್ಕೆ ಎರಡು ದಿನದಿಂದ ಆ ಬೈಗುಳಕ್ಕೇ ಕಾದಿದ್ದೆ. ಒಂದೇ ಒಂದು ಸಲ ಬೈದುಬಿಡು ಯವ್ವಾ, ಎನ್ನಲು ಬಾಯಿ ತೆರೆದೆ. ಅವ್ವ ಆಗಲೇ ಎರಡೂ ಕೈ ಜೋಡಿಸಿ, ಗುರುವಿಗೆ ಬಾಗುವ ಹಾಗೆ ನನ್ನ ಕಾಲಿನ ಕಡೆಗೆ ಬಾಗಿದ್ದಳು.