ಎಂಗೇಜ್

8-7-74, ಸೋಮವಾರ

ಇವತ್ತೂ ಕೋಕಿಲಾ ರಜ. ಮಗುವಿಗೆ ಅಮ್ಮ ಆಗಿದೆಯಂತೆ, ಇನ್ನೂ ಹತ್ತು ದಿನ ಬರುವ ಹಾಗಿಲ್ಲ. ಹೆಡ್‌ಮಿಸ್ ಚೀಟಿ ಬಂತು: ‘8-ಬಿ, ಮೂರನೇ ಪೀರಿಯಡ್, ಅಂಬುಜಾ ಎಂಗೇಜ್.’ ಇದ್ದ ಒಂದು ಫ್ರೀ ಪೀರಿಯಡ್ಡಿಗೂ ಕಲ್ಲು ಬಿತ್ತು. ಅವಳ ಗಣಿತ ನನಗೆಲ್ಲಿ ಬರಬೇಕು? ಡಿಕ್ಟೇಷನ್ ಕೊಟ್ಟು ಕೂತೆ.

ನನಗೆ ವಯಸ್ಸು ಮೂವತ್ತೊಂದಾಯಿತು. ಇಲ್ಲಿಯವರೆಗೆ ನಾನು ಎಂಗೇಜ್ ಆಗಿದ್ದು ಬರೀ ಬೇರೆಯವರ ಕ್ಲಾಸಿಗೆ!

ನಗು ಬರುತ್ತಿದೆ. ಶನಿವಾರದಿಂದ ಯಾವುದಕ್ಕೂ ನಗು. ನವರಂಗ್ ಸ್ಟಾಪಿನಲ್ಲಿ ಪಂಚಾಕ್ಷರಿ ಕೇಳಿಯೇಬಿಟ್ಟರು. ಬಸ್ಸಿನಲ್ಲಿ ನಾನು ಮರೆತ ಉತ್ತರ ಪತ್ರಿಕೆಯ ಕಟ್ಟನ್ನು ಸ್ಕೂಲಿಗೆ ತಂದುಕೊಟ್ಟವರು ಇವರು. ಎರಡು ವರ್ಷವಾಯಿತು. ಅವತ್ತಿನಿಂದ ಮಾತು ಹವಾ, ಬಸ್ಸು, ಇಂಡಸ್ಟ್ರಿಯಲ್ ಎಸ್ಟೇಟಿನ ಅವರ ಗೇರ್ ಫ್ಯಾಕ್ಟರಿ ದಾಟಿರಲಿಲ್ಲ.

“ನಮ್ಮಲ್ಲಿ ಎರಡು ಚಕ್ರದ ಹಲ್ಲು ಒಂದಕ್ಕೊಂದು ಕೂತ್ರೆ ಎಂಗೇಜ್ ಆಯ್ತು ಅಂತೀವಿ, ಮಿಸ್. ಹಲ್ಲು ಸವೆಯೋಕೆ ಮುಂಚೆ ಕೂತ್ರೆ ಒಳ್ಳೇದು” ಎಂದರು. ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ ಬಸ್ಸು ತಪ್ಪಿತು.

“ನಾನೇ ಬಂದು ನಿಮ್ಮ ತಂದೆಯವ್ರನ್ನ ಕೇಳ್ಲಾ?”

“ಬೇಡ. ನಾನೇ ಹೇಳ್ತೀನಿ. ಒಂದು ವಾರ ಕೊಡಿ.”

ಈ ವಾರ ಅವರಿಗೆ ನೈಟ್ ಶಿಫ್ಟು. ಸ್ಟಾಪಿನಲ್ಲಿ ಸಿಗುವುದಿಲ್ಲ.

11-7-74, ಗುರುವಾರ

ಹೇಳಲಿಲ್ಲ. ಅಪ್ಪ ಬೈಯುವವರಲ್ಲ, ಅದೇ ಕಷ್ಟ. ಬೈದರೆ ಜಗಳವಾಡಬಹುದು. ಇವರು ಮಾತು ನಿಲ್ಲಿಸಿ ಕನ್ನಡಕ ಒರೆಸುತ್ತಾ ಕೂರುತ್ತಾರೆ. ನಾವು ಅಯ್ಯಂಗಾರ್ರು, ಅವರು ಲಿಂಗಾಯತರು. ಹೆಸರು ಹೇಳಿದರೆ ಸಾಕು, ಮಿಕ್ಕಿದ್ದೆಲ್ಲ ಅಪ್ಪನಿಗೆ ತಿಳಿಯುತ್ತದೆ. ನಾಳೆ ಹೇಳುತ್ತೇನೆ.

15-7-74, ಸೋಮವಾರ

ಮತ್ತೆ 8-ಬಿ. ಬೀಜಗಣಿತ ಬೇಕೇಬೇಕು ಎಂದು ಹುಡುಗಿಯರ ಹಟ. ನನಗಿಂತ ಅವರಿಗೇ ಚೆನ್ನಾಗಿ ಬರುತ್ತದೆ.

ಸಂಜೆ ಸ್ಟಾಪಿನಲ್ಲಿ ಕಾದೆ. ಶಿಫ್ಟು ಬದಲಾಗಿರಬೇಕಿತ್ತು. ಬರಲಿಲ್ಲ. ಒಂದು ರೀತಿ ಒಳ್ಳೆಯದೇ ಆಯಿತು... ಇನ್ನೂ ಅಪ್ಪನಿಗೆ ಹೇಳಿಲ್ಲ.

18-7-74, ಗುರುವಾರ

ಇವತ್ತೂ ಇಲ್ಲ. ಫ್ಯಾಕ್ಟರಿಗೆ ಫೋನ್ ಮಾಡಿದೆ, ಹೆಡ್‌ಮಿಸ್ ಊಟಕ್ಕೆ ಹೋದಾಗ ಕದ್ದು. ಎಂಗೇಜ್. ಮತ್ತೆ ಎಂಗೇಜ್. ಆ ಕೊಂಯ್ ಕೊಂಯ್ ಇನ್ನೂ ಕಿವಿಯಲ್ಲಿದೆ.

26-7-74, ಶುಕ್ರವಾರ

ಬರೆಯಲು ಮನಸ್ಸಿರಲಿಲ್ಲ. ಮನಸ್ಸು ಬದಲಾಯಿಸಿದ್ದಾರೆ, ಇನ್ನೇನು. ಅವರ ಅಕ್ಕ ಶಿವಕ್ಕ ಬೇಡ ಎಂದಿರಬೇಕು. ಬಾಪೂಜಿನಗರದಲ್ಲಿ ಅವರ ಮನೆಯಲ್ಲೇ ಅಲ್ಲವೇ ಇರುವುದು.

ಸ್ಟಾಫ್‌ರೂಮಿನ ದಪ್ಪ ಡಿಕ್ಷನರಿ ತೆಗೆದು ಆ ಪದ ನೋಡಿದೆ. ಹುಣ್ಣು ಕೆರೆದುಕೊಳ್ಳುವ ಚಾಳಿ. ಮೂಲ ‘ಗೇಜ್’, ಹಳೆಯ ಫ್ರೆಂಚ್, ಒತ್ತೆ ಇಟ್ಟ ವಸ್ತು ಎಂದರ್ಥ. ಕೆಲಸಕ್ಕೆ ಇಟ್ಟುಕೊಂಡರೂ ಎಂಗೇಜ್, ಶತ್ರುವಿನ ಮೇಲೆ ಬಿದ್ದರೂ ಎಂಗೇಜ್, ಫೋನು ಸಿಗದಿದ್ದರೂ. ಸಂಬಳದ ‘ವೇಜ್’, ಮದುವೆಯ ‘ವೆಡ್’, ಎಲ್ಲ ಒಂದೇ ಬೇರಿನವು. ಇಂಗ್ಲಿಷರು ಜಿಪುಣರು, ಒಂದೇ ಪಾತ್ರೆಯಲ್ಲಿ ಹುಳಿಯನ್ನೂ ಪಾಯಸವನ್ನೂ ಮಾಡುತ್ತಾರೆ.

ನಾನೇನು ಒತ್ತೆ ಇಟ್ಟಿದ್ದೆ? ಏನೂ ಇಲ್ಲ. ಒಂದು ವಾರ ಕೊಡಿ ಎಂದೆ, ಅಷ್ಟೇ. ಆದರೂ ಅವರನ್ನು ನೋಡಬೇಕು. ಬಸ್ಸಿನ ಕಂಬಿ ಹಿಡಿದು ಬಗ್ಗಿ “ಸೀಟ್ ಸಿಕ್ತಾ ಮಿಸ್?” ಎನ್ನುತ್ತಿದ್ದರಲ್ಲ, ಅದನ್ನು ಒಂದೇ ಒಂದು ಸಲ ಕೇಳಬೇಕು. ಬರೆದೂ ನಾಚಿಕೆಯಾಗುತ್ತಿಲ್ಲ.

29-7-74, ಸೋಮವಾರ

ಅಯ್ಯೋ ದೊಡ್ಡಹನುಮಯ್ಯ!

ನಮ್ಮ ಸ್ಕೂಲಿನ ಜವಾನ, ಬೆಲ್ ಹೊಡೆದು ಬಂದು ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಾ, “ಆ ಪೇಪರ್ ಕಟ್ಟು ತಂದ್ಕೊಟ್ಟಿದ್ರಲ್ಲ, ಆ ಸಾರ್ ಆವತ್ತು ಬಂದಿದ್ರು ಮಿಸ್. ಕೋಕಿಲಾ ಮಿಸ್ ರಜದಲ್ಲಿದ್ದಾಗ” ಎಂದ.

“ಯಾಕ್ರೀ ಹೇಳ್ಲಿಲ್ಲ? ನೀವೇನಂದ್ರಿ?”

“ಇದ್ದಿದ್ದು ಹೇಳ್ದೆ. ಮಿಸ್ ಎಂಗೇಜ್ ಆಗವ್ರೆ ಸಾರ್, ಸಿಕ್ಕಲ್ಲ ಅಂದೆ. ಯಾವಾಗ ಆಯ್ತು ಅಂದ್ರು. ಬೆಳಗ್ಗೇನೇ ಗೊತ್ತು ಮಾಡಿದ್ರು ಅಂದೆ. ಅವ್ರು ಒಪ್ಪಿದ್ರಾ ಅಂದ್ರು. ಒಪ್ದೆ ಏನ್ ಮಾಡ್ತಾರೆ ಸಾರ್, ದೊಡ್ಡೋರು ಹೇಳಿದ್ಮೇಲೆ ಅಂದೆ. ಆಯ್ತು ಒಳ್ಳೇದಾಗ್ಲಿ ಅಂತ ಹೊಂಟೋದ್ರು. ಯಾಕ್ ಮಿಸ್, ಏನಾಯ್ತು?”

ಏನೆಂದು ಹೇಳಲಿ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಪಾಪ, ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಟುಹೋಗಿದ್ದಾರೆ. ನನಗೆ ಒಳ್ಳೆಯದಾಗಲಿ ಎಂದು ಬೇರೆ! ಸ್ಟಾಫ್‌ರೂಮಿನಲ್ಲಿ ಅತ್ತೆ. ಕಣ್ಣಿಗೆ ಚಾಕ್‌ಪುಡಿ ಬಿತ್ತು ಎಂದೆ.

30-7-74, ಮಂಗಳವಾರ

ಅರ್ಧ ದಿನ ರಜ ಹಾಕಿ ಫ್ಯಾಕ್ಟರಿ ಗೇಟಿಗೆ ಹೋದೆ. ಊಟದ ಹೊತ್ತು. ಗ್ರೀಸು ಮೆತ್ತಿದ ಕೈ ಒರೆಸುತ್ತಾ ಬಂದರು. ತುಂಬ ಇಳಿದುಹೋಗಿದ್ದಾರೆ.

“ಕಂಗ್ರಾಚುಲೇಷನ್ಸ್ ಮಿಸ್.”

“ಯಾತಕ್ಕೆ? 8-ಬಿಗೆ ಬೀಜಗಣಿತ ಎಂಗೇಜ್ ಮಾಡಿದ್ದಕ್ಕಾ?”

ಪಿಳಿಪಿಳಿ ನೋಡಿದರು. ಬಿಡಿಸಿ ಹೇಳಿದೆ: ಕೋಕಿಲಾಳ ರಜ, ಚೀಟಿ, ದೊಡ್ಡಹನುಮಯ್ಯ. ಜೋರಾಗಿ ನಕ್ಕರು. ಗೇಟಿನವನೂ ತಿರುಗಿ ನೋಡಿದ. ಆಮೇಲೆ ನಗು ನಿಂತುಹೋಯಿತು.

“ಅಕ್ಕ ತುಮಕೂರಿನ ಕಡೆಯವ್ರಿಗೆ ಮಾತು ಕೊಟ್ಬಿಟ್ಟಿದಾಳೆ. ಆಷಾಢ ಮುಗೀಲಿ ಅಂತ ಕಾಯ್ತಿದ್ರು. ಗುರುವಾರ ಎಲೆ ಅಡಿಕೆ ಶಾಸ್ತ್ರ.”

“ನೀವು ಹೂಂ ಅಂದ್ರಾ?”

“ನಿಮ್ದು ಆಗೋಯ್ತಲ್ಲ ಅಂತ... ನಂದು ಯಾವುದಾದ್ರೇನು ಅಂದ್ಕೊಂಡೆ.”

ಅಲ್ಲೇ ಕೈ ಹಿಡಿದುಕೊಳ್ಳಬೇಕು ಎನಿಸಿತು. ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಅಕ್ಕನ ಕಾಲಿಗೆ ಬಿದ್ದಾದ್ರೂ ನಿಲ್ಲಿಸ್ತೀನಿ” ಎಂದರು. “ಆದ್ರೆ ಆ ಹುಡುಗಿ ಮನೆಯವ್ರಿಗೆ ಏನಂತ ಹೇಳ್ಸೋದು? ನಿಮ್ಮನೇಲಿ ಹೇಳಿದೀರಾ ನೀವು?”

ಇಲ್ಲ ಎಂದೆ. ಗ್ರೀಸಿನ ಕೈಯನ್ನೇ ಮತ್ತೆ ಒರೆಸತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು.

“ಇವತ್ತು ಹೇಳ್ತೀನಿ. ನಾಳೆ ಬೆಳಿಗ್ಗೆ ಸ್ಟಾಪಿಗೆ ಬನ್ನಿ.”

ಸೈರನ್ ಆಯಿತು. ಹೋಗುತ್ತಾ ಎರಡು ಸಲ ತಿರುಗಿ ನೋಡಿದರು.

ಅದೇ ದಿನ, ಸಂಜೆ

ಅಪ್ಪ ಹೊರಗೆ ಪೇಪರ್ ಓದುತ್ತಿದ್ದಾರೆ. ನಾನು ರೂಮಿನಲ್ಲಿ ವಾಕ್ಯ ಜೋಡಿಸುತ್ತಿದ್ದೇನೆ. ಮಕ್ಕಳಿಗೆ ವರ್ಷವೆಲ್ಲ ವಾಕ್ಯರಚನೆ ಹೇಳಿಕೊಡುವವಳಿಗೆ ಒಂದು ವಾಕ್ಯ ಕೂರುತ್ತಿಲ್ಲ. ಇಂಗ್ಲಿಷಿನಲ್ಲಾದರೆ ಸಲೀಸು, ಯಾರೋ ಬೇರೆಯವರ ವಿಷಯದ ಹಾಗೆ ಹೇಳಿಬಿಡಬಹುದು. ಅಪ್ಪನಿಗೆ ಕನ್ನಡದಲ್ಲೇ ಹೇಳಬೇಕು. ‘ಅಪ್ಪಾ, ನನಗೆ ಅವರು ಬೇಕು.’ ಇಷ್ಟೇ. ಇದಕ್ಕೆ ಎರಡನೇ ಅರ್ಥವಿಲ್ಲ.

“ಅಂಬೂ, ಆವಾಗ್ಲಿಂದ ಒಳಗೇನ್ ಮಾಡ್ತಿದೀಯಮ್ಮ?”

ಏನೂ ಇಲ್ಲ ಎಂದೆ. ಥೂ ನನ್ನ ಬಾಯಿಗೆ.

ಕಾಫಿ ಕೇಳುತ್ತಾರೆಂದುಕೊಂಡೆ. ಕೇಳಲಿಲ್ಲ. “ಹದಿನೈದು ದಿನದಿಂದ ನೋಡ್ತಿದೀನಿ, ಸರಿಯಾಗಿ ಊಟ ಮಾಡ್ತಿಲ್ಲ ನೀನು. ಏನೋ ಇದೆ” ಎಂದರು.

“ಇದೆ ಅಪ್ಪಾ. ಬಂದೆ.”

ಅಂದುಬಿಟ್ಟೆ. ಪೇಪರ್ ಮಡಿಸುವ ಸದ್ದು. ಬಾಗಿಲ ಸಂದಿಯಿಂದ ಕಾಣುತ್ತಿದೆ: ಕನ್ನಡಕ ಒರೆಸದೆಯೇ ಡಬ್ಬಿಯಲ್ಲಿಟ್ಟು ಮುಚ್ಚಿದರು. ಕಾಯುತ್ತಿದ್ದಾರೆ. ಇನ್ನು ಎದ್ದು—