ಚಕ್ರವ್ಯೂಹದ ಪೆಟ್ಟಿಗೆ ಯಾರದು

ಕಿನ್ನಾಳ,
6-11-1941

ಗಂಗಾವತಿಯಲ್ಲಿರುವ ಯಜಮಾನರಿಗೆ ವಿರೂಪಾಕ್ಷಮ್ಮನ ನಮಸ್ಕಾರ. ಪಾದಗಳಿಗೆ ಎಂದು ಬರೆಯುವುದು ರೂಢಿ. ಈ ಸಲ ಕೈ ಏಳಲಿಲ್ಲ.

ನಿಮ್ಮ ಕಾಗದ ಮುಟ್ಟಿತು. ಪೆಟ್ಟಿಗೆಯೊಳಗಿನ ದಾರಿಯನ್ನು ಬರೆದು ಕಳಿಸು ಎಂದಿದ್ದೀರಿ. ಕಳಿಸುವುದಿಲ್ಲ.

ಅದನ್ನು ಕೆತ್ತಿದವಳು ನಾನು. ಅಂಗೈಯಗಲದ ಮರದೊಳಗೆ ಚಕ್ರವ್ಯೂಹದಂಥ ಸುತ್ತುದಾರಿ ಕೊರೆದು, ಕಬ್ಬಿಣದ ಗುಂಡು ಬಿಟ್ಟು, ಮೇಲೆ ಹಲಗೆ ಕೂಡಿಸಿದೆ. ಕಣ್ಣಿಗೆ ಕಾಣದ ಗುಂಡನ್ನು ಸಪ್ಪಳದ ಮೇಲೆಯೇ ಹೊರಳಿಸುತ್ತ ಹೊರಗೆ ತರಬೇಕು. ಕಂಡು ನೀವು ಏನೆಂದಿರಿ? "ಹೆಣ್ಣಮಕ್ಕಳು ಉಳಿ ಹಿಡೀಬಾರ್ದು, ಮನಿಗೆ ಛಲೋ ಅಲ್ಲ." ಆಮೇಲೆ ನಾನು ತವರಿಗೆ ಹೋದ ಹೊತ್ತು ನೋಡಿ ಅದಕ್ಕೇ ಬಣ್ಣ ಹಚ್ಚಿದಿರಿ. ಇಂಥ ಆಟಗಳ ಹುಚ್ಚಿರುವ, ಗಂಗಾವತಿಯ ಭತ್ತದ ವ್ಯಾಪಾರಿ ಅಂದಪ್ಪನವರಿಗೆ ನಿಮ್ಮದೇ ಕೆಲಸವೆಂದು ಮಾರಿದಿರಿ. ಈಗ ಅವರು, "ನೀವ ಮಾಡಿದ್ದು ಅಂದಮ್ಯಾಲ ನನ್ನ ಮುಂದ ಗುಂಡು ಹೊರಗ ತಗದು ತೋರಸ್ರಿ" ಎನ್ನುತ್ತಿದ್ದಾರಂತೆ. ನೀವು ಅವರ ಪಡಸಾಲೆಯಲ್ಲಿ ಕೂತು ಹಗಲೆಲ್ಲ ಅಲ್ಲಾಡಿಸಿದರೂ ಗುಂಡು ಬರಲಿಲ್ಲವಂತೆ. ನನ್ನ ಕೆಲಸದಲ್ಲೇ ಐಬಿದೆಯಂತೆ.

ಐಬು ನನ್ನದಲ್ಲ. ಮೂಲೆಯಲ್ಲೊಂದು ತೂತು ಇತ್ತಲ್ಲ, ಗುಂಡು ಬರುವುದು ಅಲ್ಲಿಂದಲೇ. ಮರದಲ್ಲಿ ತೂತು ಕಂಡರೆ ಸಾಕು, ಬಣ್ಣಕ್ಕೆ ಮೊದಲು ಹುಣಸೆಬೀಜದ ಅಂಟಿನಲ್ಲಿ ಮರದ ಪುಡಿ ಕಲಸಿ ತುಂಬುವುದು ಗೊಂಬೆಗೆ ಬಣ್ಣ ಹಚ್ಚುವ ನಮ್ಮ ಕಿನ್ನಾಳದವರ ಕೈಗೆ ಹತ್ತಿದ ಚಾಳಿ. ನೀವು ಅದನ್ನೂ ತುಂಬಿದ್ದೀರಿ. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ.

ಹೋಗಲಿ, ತೂತು ತೆರೆದುಕೊಂಡರೂ ಒಳಗಿನ ದಾರಿ ನಿಮಗೆ ಗೊತ್ತಿಲ್ಲ. ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದೇನು. ಅದೇ ಪಡಸಾಲೆಯಲ್ಲಿ, ನಾಲ್ಕು ಜನರೆದುರು, ಇದು ನನ್ನ ಹೆಂಡತಿ ಕೆತ್ತಿದ್ದು ಎಂದು ಹೇಳಿ. ಅಲ್ಲಿಯವರೆಗೆ ದಾರಿ ಕೇಳಿ ಕಾಗದ ಹಾಕಬೇಡಿ. ಅತ್ತೆಯವರಿಂದ ಹೇಳಿಸಿದರೂ ನಾನು ಉಳಿ ಕೆಳಗಿಡುವವಳಲ್ಲ.

ಚಳಿ ಬಿದ್ದಿದೆ, ಕಾಗದದ ಜೊತೆ ಕಂಬಳಿ ಕಳಿಸಿದ್ದೇನೆ. ಅದು ಬೇರೆ ಮಾತು.

ಇಂತಿ,
ಪೆಟ್ಟಿಗೆ ಕೆತ್ತಿದ
ವಿರೂಪಾಕ್ಷಮ್ಮ

ತಾ.ಕ.: ತೂತು ತುಂಬಿದ್ದು ಇವಳಿಗೆ ಹೇಗೆ ಗೊತ್ತಾಯಿತು ಎನ್ನುತ್ತೀರೇನೋ. ಹುಣ್ಣಿಮೆಗೆ ಹುಲಿಗಿಯ ಗುಡಿಗೆ ಹೋಗಿದ್ದ ಅಂದಪ್ಪನವರು, ಮನೆಯವರಿಗಾದರೂ ದಾರಿ ಗೊತ್ತಿದ್ದೀತು ಎಂದು ಪೆಟ್ಟಿಗೆ ಹಿಡಿದುಕೊಂಡು ನಮ್ಮ ಮನೆಗೂ ಬಂದಿದ್ದರು. ದಬ್ಬಳದಿಂದ ಅಂಟು ಕೆರೆದು, ಗುಂಡನ್ನು ಅವರ ಅಂಗೈಗೇ ಉರುಳಿಸಿದೆ. ಇದಕ್ಕಿಂತ ಕಠಿಣವಾದದ್ದು ಬೇಕೆಂದು ಹೇಳಿ ಹೋಗಿದ್ದಾರೆ, ಕೆತ್ತುತ್ತಿದ್ದೇನೆ. ಅವರಿಗೆ ಎಲ್ಲ ಗೊತ್ತಿದೆ, ನಿಮ್ಮ ಬಾಯಿಂದ ಕೇಳಲು ಕಾಯುತ್ತಿದ್ದಾರೆ. ಹೇಳಿದ ಮೇಲೆ ಊರಿಗೆ ಬನ್ನಿ. ಹೊಸದಕ್ಕೆ ಬಣ್ಣ ಹಚ್ಚಲು ನನಗೊಬ್ಬ ಆಳು ಬೇಕು.